ಸುಖೀರಾಜ್ಯದ ಲೆಕ್ಕಪತ್ರ: ನರಗುಂದ, ರೋಣ, ಗಜೇಂದ್ರಗಡ ಸೀಮೆಯ ಇತಿಹಾಸದಿಂದ

'ಸುಖೀರಾಜ್ಯ' ಎಂಬುದು ಇಪ್ಪತ್ತನೆಯ ಶತಮಾನದಲ್ಲಿ ನಮ್ಮ ನುಡಿಗೆ ಬಂದ ಮಾತು. ಅದನ್ನೇ 'ಕಲ್ಯಾಣರಾಜ್ಯ' ಎಂದು ಕರೆಯುವವರೂ ಉಂಟು. ಶರಣರ ನಾಡಿನವರಾದ ನಮಗೆ ಆ ಎರಡನೆಯ ಹೆಸರು ಕಿವಿಗೆ ಬಿದ್ದೊಡನೆ ಹನ್ನೆರಡನೆಯ ಶತಮಾನದ ಒಂದು ಪಟ್ಟಣವೇ ಕಣ್ಣ ಮುಂದೆ ನಿಲ್ಲುವುದರಿಂದ, ಗೊಂದಲಕ್ಕೆ ಎಡೆಯಾಗದಿರಲೆಂದು ಇಲ್ಲಿ ಮೊದಲಿನ ಹೆಸರನ್ನೇ ಇಟ್ಟುಕೊಂಡಿದ್ದೇನೆ. ಅರ್ಥವೇನೋ ಒಂದೇ. ಗಡಿ ಕಾಯುವುದು, ಕಳ್ಳಕಾಕರನ್ನು ದಂಡಿಸುವುದು, ಕಂದಾಯ ವಸೂಲು ಮಾಡುವುದು ಇಷ್ಟಕ್ಕೆ ನಿಲ್ಲದೆ, ಪ್ರಜೆಯ ಹಸಿವಿಗೂ ರೋಗಕ್ಕೂ ಮುಪ್ಪಿಗೂ ಅವಿದ್ಯೆಗೂ ತಾನು ಹೊಣೆಗಾರನೆಂದು ಒಪ್ಪಿಕೊಂಡ ರಾಜ್ಯವೇ ಸುಖೀರಾಜ್ಯ. ಜರ್ಮನಿಯ ಬಿಸ್ಮಾರ್ಕನು ೧೮೮೩ರಲ್ಲಿ ಕಾರ್ಮಿಕರ ಕಾಯಿಲೆಗೂ ೧೮೮೯ರಲ್ಲಿ ಅವರ ಮುಪ್ಪಿಗೂ ವಿಮೆಯ ಕಾಯ್ದೆಗಳನ್ನು ತಂದನು. ಇಂಗ್ಲೆಂಡಿನಲ್ಲಿ ಮಹಾಯುದ್ಧದ ನಡುವೆಯೇ, ೧೯೪೨ರಲ್ಲಿ, ಬೆವರಿಜ್ ವರದಿ ಹೊರಬಂದಿತು. ೧೯೪೮ರ ಜುಲೈಯಲ್ಲಿ ಸರ್ವರಿಗೂ ಉಚಿತ ವೈದ್ಯಸೇವೆ ಆರಂಭವಾಯಿತು. ನಮ್ಮ ಸಂವಿಧಾನವು ತನ್ನ ೩೮ ಮತ್ತು ೪೧ನೆಯ ಅನುಚ್ಛೇದಗಳಲ್ಲಿ ಇದೇ ಹೊಣೆಯನ್ನು ರಾಜ್ಯನೀತಿಯ ನಿರ್ದೇಶಕ ತತ್ತ್ವವೆಂದು ಸಾರಿತು. ಆದರೆ ಅದೇ ಸಂವಿಧಾನವು ೩೭ನೆಯ ಅನುಚ್ಛೇದದಲ್ಲಿ, ಈ ತತ್ತ್ವಗಳನ್ನು ನ್ಯಾಯಾಲಯದ ಮೂಲಕ ಜಾರಿಗೊಳಿಸಲು ಬರುವುದಿಲ್ಲವೆಂದೂ ಹೇಳಿತು ಎಂಬುದನ್ನು ವಾಚಕರು ಮರೆಯಬಾರದು.

ಇದಿಷ್ಟು ಗ್ರಂಥದ ಮಾತು. ಇಂಥ ರಾಜ್ಯದಲ್ಲಿ ಸಮಾಜವು ವಾಸ್ತವವಾಗಿ ಹೇಗೆ ನಡೆಯುತ್ತದೆ, ಕೊಡುವ ಸರಕಾರಕ್ಕೂ ಪಡೆಯುವ ಪ್ರಜೆಗೂ ನಡುವೆ ಯಾವ ಬಗೆಯ ಸಂಬಂಧ ಬೆಳೆಯುತ್ತದೆ ಎಂಬುದನ್ನು ತಿಳಿಯಬೇಕಾದರೆ ಒಂದು ಸೀಮೆಯನ್ನು ಹಿಡಿದು ಅದರ ಇತಿಹಾಸವನ್ನು ಓದಬೇಕು. ಅದಕ್ಕೆ ನರಗುಂದ, ರೋಣ, ಗಜೇಂದ್ರಗಡಗಳಿಗಿಂತ ಒಳ್ಳೆಯ ಸೀಮೆ ಕರ್ನಾಟಕದಲ್ಲಿ ಸಿಗುವುದು ಕಷ್ಟ. ಇದು ಮಲಪ್ರಭೆಯ ದಕ್ಷಿಣಕ್ಕೆ ಹಬ್ಬಿದ ನೆಲ, ಬಹುಭಾಗ ಎರೆಭೂಮಿ. ಮೂಡಣಕ್ಕೆ, ಗಜೇಂದ್ರಗಡದ ಕಡೆಗೆ, ಎರೆ ಮುಗಿದು ಕಲ್ಲುಗುಡ್ಡ ಏಳುತ್ತದೆ. ಬಿಳಿಜೋಳ, ಹತ್ತಿ, ಕಡಲೆ, ಗೋದಿಗಳ ಈ ನಾಡಿನಲ್ಲಿ ಸರಕಾರವೆಂಬುದು ಎರಡು ಶತಮಾನಗಳಲ್ಲಿ ಮೂರು ನಾಲ್ಕು ವೇಷಗಳಲ್ಲಿ ಬಂದು ಹೋಗಿದೆ. ಬಂದಾಗಲೆಲ್ಲ ಜನ ಅದರ ಮುಂದೆ ಒಂದೇ ಪ್ರಶ್ನೆಯನ್ನು ಇಟ್ಟಿದ್ದಾರೆ: ಲೆಕ್ಕ ತೋರಿಸಿರಿ.

ಮೊದಲನೆಯ ವೇಷ ಕಪ್ಪ ಕೇಳುವ ಅರಸನದು. ೧೭೮೫ರಲ್ಲಿ ನರಗುಂದದ ವೆಂಕಟರಾವ ಭಾವೆಯವರಿಂದ ಟಿಪ್ಪು ಸುಲ್ತಾನನು ವಾಡಿಕೆಗಿಂತ ಹೆಚ್ಚಿನ ಕಪ್ಪವನ್ನು ಕೇಳಿದನು. ಸಂಸ್ಥಾನವು ಒಪ್ಪಲಿಲ್ಲ. ಮುತ್ತಿಗೆ ನಡೆದು ಕೋಟೆ ಬಿದ್ದಿತು, ವೆಂಕಟರಾಯರು ಸೆರೆಯಾದರು. ಅದರಿಂದ ಹೊತ್ತಿಕೊಂಡ ಮರಾಠಾ-ಮೈಸೂರು ಯುದ್ಧವು ಎರಡು ವರ್ಷ ನಡೆದು, ೧೭೮೭ರಲ್ಲಿ ಗಜೇಂದ್ರಗಡದ ಒಪ್ಪಂದದಿಂದ ಮುಗಿಯಿತು. ನಲವತ್ತೆಂಟು ಲಕ್ಷ ರೂಪಾಯಿಗಳ ಮಾತು ಆ ಒಪ್ಪಂದದಲ್ಲಿದೆ, ಕೋಟೆಗಳ ಮಾತಿದೆ. ಎರೆಹೊಲದ ಒಕ್ಕಲಿನ ಮಾತು ಒಂದೂ ಇಲ್ಲ. ಸುಲ್ತಾನನ ದಂಡಿಗೂ ಪೇಶ್ವೆಯ ದಂಡಿಗೂ ಜೋಳ ಕೊಟ್ಟವನು ಅವನೇ ಎಂಬುದನ್ನು ಒಪ್ಪಂದ ಬರೆದವರು ಹೇಳುವ ಅಗತ್ಯವನ್ನು ಕಾಣಲಿಲ್ಲ.

ಎರಡನೆಯ ವೇಷದ್ದು ಇನಾಮು ಕಮಿಶನ್ನಿನ ಕತೆ. ೧೮೫೨ರ ಕಾಯ್ದೆಯ ಮೇರೆಗೆ ಕುಂಪಣಿ ಸರಕಾರವು ದಕ್ಷಿಣ ಮರಾಠಾ ಸೀಮೆಯ ಇನಾಮುಗಳ ದಾಖಲೆಗಳನ್ನೆಲ್ಲ ಕೆದಕತೊಡಗಿತು. ಹಳೆಯ ಸನದು ತೋರಿಸಲಾಗದವನ ಭೂಮಿ ಹೋಯಿತು. ಮಕ್ಕಳಿಲ್ಲದ ನರಗುಂದದ ಭಾಸ್ಕರರಾಯರಿಗೆ, ಬಾಬಾಸಾಹೇಬರೆಂದು ಜನ ಕರೆದವರಿಗೆ, ದತ್ತಕ ತೆಗೆದುಕೊಳ್ಳುವ ಅನುಮತಿ ದೊರೆಯಲಿಲ್ಲ. ೧೮೫೮ರ ಮೇ ತಿಂಗಳ ಕೊನೆಗೆ ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ಹತನಾದನು. ಜೂನ್ ಮೊದಲ ವಾರದಲ್ಲಿ ನರಗುಂದದ ಕೋಟೆ ಬಿದ್ದಿತು. ಅದೇ ತಿಂಗಳ ೧೨ರಂದು ಬೆಳಗಾವಿಯಲ್ಲಿ ಬಾಬಾಸಾಹೇಬರನ್ನು ಗಲ್ಲಿಗೇರಿಸಲಾಯಿತು. ಇದು ನಾಡಿಗೆಲ್ಲ ತಿಳಿದ ಸಂಗತಿ, ವಿಸ್ತರಿಸಬೇಕಾಗಿಲ್ಲ. ನಮ್ಮ ವಿಷಯಕ್ಕೆ ಬೇಕಾದುದು ಇಷ್ಟೇ: ಕಾಗದವೇ ಹಕ್ಕು, ಕಾಗದವಿಲ್ಲದವನಿಗೆ ಹಕ್ಕಿಲ್ಲ ಎಂಬ ಆಧುನಿಕ ರಾಜ್ಯದ ನಿಯಮವನ್ನು ಈ ಸೀಮೆ ಮೊದಲು ಕಲಿತದ್ದು ಹೀಗೆ. ಇಂದು ಪಿಂಚಣಿಗಾಗಿ ವಯಸ್ಸಿನ ದಾಖಲೆ ಹುಡುಕುತ್ತ ಕಚೇರಿಯಿಂದ ಕಚೇರಿಗೆ ಅಲೆಯುವ ಮುದುಕಿಗೂ ಅಂದಿನ ಇನಾಮದಾರನಿಗೂ ಅಂತಸ್ತಿನಲ್ಲಿ ಅಜಗಜಾಂತರವಿದ್ದರೂ, ಇಬ್ಬರನ್ನೂ ಕೇಳಿದ ಪ್ರಶ್ನೆ ಒಂದೇ.

ಹಾಗಾದರೆ ರಾಜ್ಯವು ತೆಗೆದುಕೊಳ್ಳುವುದನ್ನಷ್ಟೇ ಬಲ್ಲದ್ದಾಗಿದ್ದ ಕಾಲದಲ್ಲಿ ಜನರ ಯೋಗಕ್ಷೇಮವನ್ನು ಯಾರು ನೋಡಿಕೊಂಡರು? ಉತ್ತರ ಊರೊಳಗೇ ಇದೆ. ಗಜೇಂದ್ರಗಡಕ್ಕೆ ಸಮೀಪದ ಸೂಡಿಯಲ್ಲಿ ಹನ್ನೊಂದನೆಯ ಶತಮಾನದ ಶಾಸನಗಳಿವೆ. ಚಾಲುಕ್ಯ ರಾಜಕುಮಾರಿ ಅಕ್ಕಾದೇವಿಯು ಆ ಊರಿನ ಎಂಟು ಶೆಟ್ಟಿಗಳಿಗೂ ಎಂಬತ್ತು ಒಕ್ಕಲುಗಳಿಗೂ ಅವರ ಸಮೂಹದ ಕಟ್ಟಳೆಯನ್ನು ಮತ್ತೆ ದೃಢಪಡಿಸಿ ಕೊಟ್ಟಳೆಂದು ಅವುಗಳಿಂದ ತಿಳಿಯುತ್ತದೆ. ಊರು ತನ್ನ ವ್ಯವಹಾರವನ್ನು ತಾನೇ ನಡೆಸಿಕೊಳ್ಳುವುದು, ಆಳುವವರು ಅದಕ್ಕೆ ಮುದ್ರೆ ಒತ್ತುವುದು. ಅಂದಿನ ರೀತಿ ಇದು. ಕೆರೆ, ಬಾವಿ, ಛತ್ರ, ಮಠಗಳೆಲ್ಲ ಆ ರೀತಿಯಲ್ಲೇ ನಡೆದವು. ಬಡವರಿಗೆ ಊಟ, ಓದುವ ಹುಡುಗನಿಗೆ ಪ್ರಸಾದ ಮಠದಲ್ಲಿ ದೊರೆಯುತ್ತಿದ್ದವು. ಹಾಲಕೆರೆಯ ಮಠದ ಹೆಸರಿನಲ್ಲೇ ಅನ್ನದಾನವೆಂಬ ಮಾತು ಸೇರಿಕೊಂಡಿದೆ. ಬರಗಾಲದ ವಿಮೆಯೆಂದರೆ ಹಗೇವು. ಮನೆಯ ಅಂಗಳದಲ್ಲಿಯೋ ಊರ ಬೀದಿಯಲ್ಲಿಯೋ ಆಳವಾಗಿ ಅಗೆದು, ಒಳಗೆ ಜೋಳ ತುಂಬಿ, ಬಾಯಿ ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕಾಳು ಕೆಡುತ್ತಿರಲಿಲ್ಲ. ಹಗೇವು ಉಳ್ಳವನೇ ಬರದಲ್ಲಿ ಊರಿಗೆ ಆಸರೆ. ಅದೇ ಕಾರಣಕ್ಕೆ ಅವನೇ ಊರಿಗೆ ಒಡೆಯನೂ ಆಗುತ್ತಿದ್ದನೆಂಬುದನ್ನು ಮುಚ್ಚಿಡಬಾರದು. ಹಳೆಯ ವ್ಯವಸ್ಥೆಯನ್ನು ಹೊಗಳುವ ನಮ್ಮ ಹಿರಿಯರು ಈ ಎರಡನೆಯ ಮಾತನ್ನು ಸಾಮಾನ್ಯವಾಗಿ ನುಂಗಿಬಿಡುತ್ತಾರೆ. ಹೊಲವಿಲ್ಲದ, ಹಗೇವಿಲ್ಲದ, ಕೆರೆಯ ನೀರನ್ನು ಕೂಡ ದೂರದಿಂದ ಬೇಡಬೇಕಾಗಿದ್ದ ಕೇರಿಯವರ ಪಾಲಿಗೆ ಆ ವ್ಯವಸ್ಥೆ ಅಷ್ಟೇನೂ ಸುಖಿಯಾಗಿರಲಿಲ್ಲ.

ಈ ಏರ್ಪಾಡುಗಳೆಲ್ಲ ಒಮ್ಮೆಲೇ ಕುಸಿದದ್ದು ೧೮೭೬-೭೮ರ ಬರಗಾಲದಲ್ಲಿ. ಧಾತು, ಈಶ್ವರ ಸಂವತ್ಸರಗಳಲ್ಲಿ ಬಂದ ಆ ಬರ ಅವೇ ಹೆಸರುಗಳಿಂದ ಜನರ ನೆನಪಿನಲ್ಲಿ ಉಳಿಯಿತು. ಅದಕ್ಕೆ ಹತ್ತು ಹನ್ನೆರಡು ವರ್ಷ ಮೊದಲು, ಅಮೇರಿಕೆಯ ಅಂತರ್ಯುದ್ಧದ ಕಾಲದಲ್ಲಿ, ಧಾರವಾಡ ಸೀಮೆಯ ಹತ್ತಿಗೆ ಚಿನ್ನದ ಬೆಲೆ ಬಂದಿತ್ತು. ಜೋಳದ ಹೊಲಗಳು ಹತ್ತಿಯ ಹೊಲಗಳಾಗಿದ್ದವು. ೧೮೬೫ರಲ್ಲಿ ಯುದ್ಧ ಮುಗಿದೊಡನೆ ಬೆಲೆ ಇಳಿಯಿತು, ಸಾಲ ಉಳಿಯಿತು. ಆಮೇಲೆ ಮಳೆ ಹೋಯಿತು. ೧೮೭೨ರ ಜನಗಣತಿಗೂ ೧೮೮೧ರ ಜನಗಣತಿಗೂ ನಡುವೆ ಧಾರವಾಡ ಜಿಲ್ಲೆಯ ಜನಸಂಖ್ಯೆ ಬೆಳೆಯುವುದರ ಬದಲು ಸುಮಾರು ಹತ್ತರಲ್ಲೊಂದು ಪಾಲು ಕುಗ್ಗಿತು. ಸರಕಾರವು ಪ್ರಜೆಗೆ ಅನ್ನ ಕೊಡಬೇಕೇ, ಕೊಟ್ಟರೆ ಎಷ್ಟು ಕೊಡಬೇಕು ಎಂಬ ಪ್ರಶ್ನೆ ಆಗ ಮೊದಲ ಬಾರಿಗೆ ಕಡತದಲ್ಲಿ ಬರೆದು ಚರ್ಚಿಸುವ ಪ್ರಶ್ನೆಯಾಯಿತು. ಬರಗಾಲದ ಕಾಮಗಾರಿಯಲ್ಲಿ ಕಲ್ಲು ಒಡೆಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯ, ಒಂದು ಆಣೆ ಸಾಕೆಂದು ಸರ್ ರಿಚರ್ಡ್ ಟೆಂಪಲ್ ತೀರ್ಮಾನಿಸಿದನು. ಹೆಂಗಸರಿಗೂ ಮಕ್ಕಳಿಗೂ ಇನ್ನೂ ಕಡಿಮೆ. ಮುಂಬಯಿ ಇಲಾಖೆಯ ಕೂಲಿಗಳು ಆ ಕೂಲಿಯನ್ನು ಒಪ್ಪದೆ ಕಾಮಗಾರಿ ಬಿಟ್ಟು ಹೊರಟುಹೋದರು. ಪುಣೆಯ ಸಾರ್ವಜನಿಕ ಸಭೆ ಅವರ ಪರವಾಗಿ ಬರೆಯಿತು. ಉಪವಾಸ ಬಿದ್ದವನು ಕೊಟ್ಟಷ್ಟನ್ನು ಕೈಯೊಡ್ಡಿ ತೆಗೆದುಕೊಳ್ಳುವ ಬದಲು 'ಇದು ಸಾಲದು' ಎಂದು ಹೇಳಿದ ಆ ಘಟನೆಯಲ್ಲಿ ಮುಂದಿನ ಶತಮಾನದ ಬೀಜವಿದೆ. ಬೇಡುವವನ ಬಾಯಿಂದ ಬರುವ ಮಾತಲ್ಲ ಅದು.

ಆ ಬರದಿಂದ ಎರಡು ಸಂಗತಿಗಳು ಹುಟ್ಟಿದವು. ಒಂದು, ೧೮೮೦ರ ಕ್ಷಾಮ ಆಯೋಗ ಮತ್ತು ಅದರ ಬೆನ್ನಿಗೇ ಬಂದ ಕ್ಷಾಮ ಸಂಹಿತೆ. ಇನ್ನೊಂದು ನಮ್ಮ ರೋಣದವರಿಗೆಲ್ಲ ಪರಿಚಿತವಾದದ್ದು, ಆದರೆ ಅದರ ಹುಟ್ಟನ್ನು ಬಲ್ಲವರು ಕಡಿಮೆ. ಅದು ಹೊಳೆಆಲೂರು, ಮಲ್ಲಾಪುರಗಳ ಮೇಲೆ ಹೋಗುವ ರೈಲು. ೧೮೮೨ರಲ್ಲಿ ಸ್ಥಾಪಿತವಾದ ಸದರ್ನ್ ಮರಾಠಾ ರೈಲ್ವೆ ಕಂಪನಿಯು ಹೊಟಗಿಯಿಂದ ಗದಗಿಗೆ ಹಾಕಿದ ಈ ದಾರಿ ೧೮೮೪ರಲ್ಲಿ ಸಂಚಾರಕ್ಕೆ ತೆರೆಯಿತು. ಬರ ಬಿದ್ದಾಗ ಧಾನ್ಯ ಸಾಗಿಸಬೇಕೆಂಬುದೇ ಇಂಥ ದಾರಿಗಳ ಉದ್ದೇಶವೆಂದು ಸರಕಾರ ಹೇಳಿತು. ಬರವಿಲ್ಲದ ವರ್ಷಗಳಲ್ಲಿ ಅದೇ ದಾರಿಯಿಂದ ಹತ್ತಿಯ ಅಂಡಿಗೆಗಳು ಹೊರಗೆ ಹೋದವು ಎಂಬುದೂ ನಿಜವೇ. ಕೊಡುವ ಕೈ, ತೆಗೆದುಕೊಳ್ಳುವ ಕೈ ಎರಡೂ ಒಂದೇ ಹಳಿಯ ಮೇಲೆ ಓಡಾಡಿದವು.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಈ ನಾಡಿನ ಜನ ಮೂರನೆಯ ದಾರಿಯೊಂದನ್ನು ಕಂಡುಕೊಂಡರು. ೧೯೦೪ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂದಿತು. ಮರುವರ್ಷವೇ, ೧೯೦೫ರಲ್ಲಿ, ಗದಗು ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರಿ ಸಂಘವನ್ನು ಸ್ಥಾಪಿಸಿದರು. ಈ ಬಗೆಯ ಸಂಘಗಳಲ್ಲಿ ದೇಶಕ್ಕೇ ಮೊದಲನೆಯದೆಂದು ಅದು ಹೆಸರಾಗಿದೆ. ಇದರ ಹಿರಿಮೆ ಮೊದಲನೆಯದೆಂಬುದರಲ್ಲಿಲ್ಲ. ಸಾಲ ಕೊಡುವವರೂ ಪಡೆಯುವವರೂ ಒಂದೇ ಊರವರು, ಒಬ್ಬರ ಹೊಲ ಇನ್ನೊಬ್ಬರಿಗೆ ಗೊತ್ತು, ಒಬ್ಬರ ಕಷ್ಟ ಇನ್ನೊಬ್ಬರ ಕಣ್ಣೆದುರು. ಸರಕಾರದ ಪಾಲು ನೋಂದಣಿ ಮತ್ತು ತಪಾಸಣೆ ಮಾತ್ರ. ಸೂಡಿಯ ಎಂಬತ್ತು ಒಕ್ಕಲುಗಳ ನೆನಪು ಇಲ್ಲಿ ಬಂದರೆ ಅದು ತಪ್ಪಲ್ಲ. ವಿದ್ಯೆಯ ಕ್ಷೇತ್ರದಲ್ಲೂ ಇದೇ ಕಾಲಕ್ಕೆ ಇದೇ ರೀತಿಯ ಕೆಲಸ ನಡೆಯಿತು. ಧಾರವಾಡದ ಮುರುಘಾಮಠದ ಪ್ರಸಾದನಿಲಯ, ೧೯೧೬ರಲ್ಲಿ ಬೆಳಗಾವಿಯಲ್ಲಿ ಹುಟ್ಟಿದ ಲಿಂಗಾಯತ ವಿದ್ಯಾಸಂಸ್ಥೆ, ನರೇಗಲ್ಲಿನಲ್ಲಿ ಹಾಲಕೆರೆ ಅನ್ನದಾನೇಶ್ವರ ಮಠದ ಶಾಲೆಗಳು, ಗದಗಿನಲ್ಲಿ ಪಂಚಾಕ್ಷರ ಗವಾಯಿಗಳು ಕುರುಡು ಮಕ್ಕಳಿಗೆ ಅನ್ನ, ಆಶ್ರಯ, ಸಂಗೀತಗಳನ್ನು ಕೊಟ್ಟ ಪುಣ್ಯಾಶ್ರಮ: ಇವೆಲ್ಲ ಸರಕಾರವು 'ಸಮಾಜ ಕಲ್ಯಾಣ' ಎಂಬ ಇಲಾಖೆ ತೆರೆಯುವುದಕ್ಕಿಂತ ಮುಂಚಿನವು. ಪ್ರಸಾದನಿಲಯದ ಪಂಕ್ತಿಯಲ್ಲಿ ಕುಳಿತು ಉಂಡು ಓದಿದ ಹಳೆಯ ವಿದ್ಯಾರ್ಥಿಗಳು ಈ ಪತ್ರಿಕೆಯ ವಾಚಕರಲ್ಲಿ ಅನೇಕರಿರುವುದರಿಂದ ಅದರ ಬಗೆಯನ್ನು ವರ್ಣಿಸುವ ಅಗತ್ಯವಿಲ್ಲ. ಅಲ್ಲಿ ಉಂಡವನು ಮುಂದೆ ದುಡಿದು ತನ್ನ ಕಾಳಿನ ಚೀಲವನ್ನು ತಂದೊಪ್ಪಿಸುತ್ತಿದ್ದನು. ಯಾರೂ ಅವನಿಗೆ ನೋಟೀಸು ಕಳುಹಿಸುತ್ತಿರಲಿಲ್ಲ. ದಾನಕ್ಕೂ ದಾಸೋಹಕ್ಕೂ ಇರುವ ಅಂತರ ಇದೇ. ದಾನದಲ್ಲಿ ಕೊಡುವವನು ಮೇಲೆ, ಪಡೆಯುವವನು ಕೆಳಗೆ. ದಾಸೋಹದಲ್ಲಿ ಕೊಡುವವನೇ ದಾಸ.

ಸ್ವಾತಂತ್ರ್ಯ ಬಂದಿತು, ೧೯೫೬ರ ನವೆಂಬರ ೧ರಂದು ಮುಂಬಯಿ ಕರ್ನಾಟಕವು ಒಂದಾದ ಕನ್ನಡ ರಾಜ್ಯವನ್ನು ಸೇರಿತು. ಸುಖೀರಾಜ್ಯವು ಈ ಸೀಮೆಗೆ ತನ್ನ ಅತಿ ದೊಡ್ಡ ಕೊಡುಗೆಯನ್ನು ಕೊಟ್ಟದ್ದು ಮಲಪ್ರಭಾ ಯೋಜನೆಯ ರೂಪದಲ್ಲಿ. ಸವದತ್ತಿಯ ಬಳಿ ನವಿಲುತೀರ್ಥದ ಕಮರಿಯಲ್ಲಿ ಅಣೆಕಟ್ಟು ಎದ್ದಿತು. ರೇಣುಕಾಸಾಗರದ ಸಂಗ್ರಹ ಸಾಮರ್ಥ್ಯ ಸುಮಾರು ೩೭.೭ ಟಿ.ಎಂ.ಸಿ. ಎಪ್ಪತ್ತರ ದಶಕದಲ್ಲಿ ನರಗುಂದ, ನವಲಗುಂದ, ರೋಣಗಳತ್ತ ಕಾಲುವೆಗಳು ಬಂದವು. ಶತಮಾನಗಳಿಂದ ಆಕಾಶ ನೋಡಿ ಬಿತ್ತಿದವರ ಹೊಲದ ಬದುವಿಗೆ ನೀರು ಬರುವುದೆಂದರೆ ಸಣ್ಣ ಮಾತಲ್ಲ. ಅದೇ ಸಮಯಕ್ಕೆ, ೧೯೭೨ರಲ್ಲಿ, ಧಾರವಾಡದಲ್ಲಿ ಡಾ. ಬಿ. ಎಚ್. ಕಾತರಕಿಯವರು ರೂಪಿಸಿದ 'ವರಲಕ್ಷ್ಮಿ' ಮಿಶ್ರತಳಿಯ ಹತ್ತಿ ಹೊರಬಂದಿತು. ನೀರೂ ಬಂದಿತು, ಬೀಜವೂ ಬಂದಿತು, ಹೊಲ ಮಟ್ಟ ಮಾಡಲು ಸಾಲವೂ ಬಂದಿತು. ಕೆಲವು ವರ್ಷ ಹತ್ತಿಗೆ ಒಳ್ಳೆಯ ಬೆಲೆಯೂ ಬಂದಿತು.

ಈ ಕೊಡುಗೆಯ ಜೊತೆಗೇ ಒಂದು ಬೇಡಿಕೆಯೂ ಇತ್ತು. ೧೯೫೭ರ ಕಾಯ್ದೆಯೊಂದರ ಪ್ರಕಾರ ನೀರಾವರಿಗೆ ಒಳಪಟ್ಟ ಭೂಮಿಯ ಮೇಲೆ ಅಭಿವೃದ್ಧಿ ಕರವನ್ನೂ ನೀರಿನ ಕರವನ್ನೂ ಸರಕಾರ ವಿಧಿಸಬಹುದಾಗಿತ್ತು. ರೈತರ ಬಾಯಲ್ಲಿ ಮೊದಲನೆಯದರ ಹೆಸರು 'ಬೆಟರ್ಮೆಂಟ್ ಲೆವಿ'. ಇದರ ಹಿಂದಿನ ತರ್ಕವನ್ನು ನ್ಯಾಯವಾಗಿ ನೋಡಬೇಕು. ನಾಡಿನ ಎಲ್ಲರ ತೆರಿಗೆಯಿಂದ ಅಣೆಕಟ್ಟು ಕಟ್ಟಲಾಗುತ್ತದೆ. ಅದರಿಂದ ಕೆಲವರ ಒಣಭೂಮಿಯ ಬೆಲೆ ಹಲವು ಪಟ್ಟು ಏರುತ್ತದೆ. ಆ ಏರಿಕೆ ಭೂಮಾಲಿಕನ ದುಡಿಮೆಯಿಂದ ಬಂದುದಲ್ಲ. ಆದುದರಿಂದ ಅದರಲ್ಲೊಂದು ಪಾಲು ನಾಡಿಗೆ ಹಿಂತಿರುಗಬೇಕು. ಗಜೇಂದ್ರಗಡದ ಕಡೆಯ ಗುಡ್ಡದ ಸೀಮೆಗೆ ಆ ಕಾಲುವೆ ಹತ್ತಲಿಲ್ಲ. ಅಲ್ಲಿಯ ನೇಕಾರನೂ ಕೊಳ್ಳುವ ಪ್ರತಿಯೊಂದು ಪದಾರ್ಥದ ಮೇಲೆ ತೆರಿಗೆ ಕೊಟ್ಟವನೇ. ಅವನಿಗೆ ೧೯೭೫ರಲ್ಲಿ ಕೈಮಗ್ಗ ಅಭಿವೃದ್ಧಿ ನಿಗಮ ಬಂದಿತೇ ಹೊರತು ನೀರು ಬರಲಿಲ್ಲ. ಅವನ ಕಡೆಯಿಂದ ನೋಡಿದರೆ ಲೆವಿಯ ತತ್ತ್ವದಲ್ಲಿ ಅನ್ಯಾಯವೇನೂ ಕಾಣದು. ಬೆವರಿಜನೂ ಇದನ್ನು ಒಪ್ಪುತ್ತಿದ್ದನೇನೋ.

ತಪ್ಪು ನಡೆದದ್ದು ತತ್ತ್ವದಲ್ಲಲ್ಲ, ಲೆಕ್ಕದಲ್ಲಿ. ಸರಕಾರವು ಎಕರೆಗಳನ್ನು ಎಣಿಸಿತು. ರೈತನು ನೀರನ್ನು ಎಣಿಸಿದನು. ನಕಾಶೆಯಲ್ಲಿ ಕಾಲುವೆಯ ಕೆಳಗೆ ಬಿದ್ದ ಸರ್ವೆ ನಂಬರೆಲ್ಲ 'ನೀರಾವರಿ' ಎಂದಾಯಿತು. ಆದರೆ ಹೊಲಗಾಲುವೆ ತೋಡಿರಲಿಲ್ಲ. ತೋಡಿದಲ್ಲಿ ಒಡೆದು ಹೋಗಿತ್ತು. ಕಾಲುವೆಯ ತುದಿಯಲ್ಲಿದ್ದವನಿಗೆ ತನ್ನ ಸರದಿ ಬರುವ ಹೊತ್ತಿಗೆ ಬೆಳೆ ಬಾಡಿರುತ್ತಿತ್ತು. ಎರೆಭೂಮಿಯ ಗುಣವೇ ಬೇರೆ. ಅದು ತೇವವನ್ನು ಹಿಡಿದಿಟ್ಟುಕೊಳ್ಳುವ ಮಣ್ಣು. ನೀರು ಹೆಚ್ಚಾದರೆ ಬಸಿದುಹೋಗದೆ ನಿಂತು, ಕೆಳಗಿನ ಉಪ್ಪನ್ನು ಮೇಲಕ್ಕೆ ತಂದು, ಹೊಲವನ್ನು ಜವುಳಾಗಿಸುತ್ತದೆ. ಹೀಗೆ ಒಬ್ಬನಿಗೆ ನೀರು ಬಾರದೆ ನಷ್ಟ, ಇನ್ನೊಬ್ಬನಿಗೆ ನೀರು ಬಂದು ನಷ್ಟ; ಇಬ್ಬರಿಗೂ ಕರ ಮಾತ್ರ ತಪ್ಪಲಿಲ್ಲ. ಮೇಲೆ ಹತ್ತಿಯ ಬೆಲೆ ಕುಸಿಯಿತು, ಸಾಲ ನಿಂತಿತು. ೧೮೬೫ರ ಕತೆ ಮತ್ತೊಮ್ಮೆ ನಡೆಯಿತು. ಅಂದು ಸಾವುಕಾರನ ಆಳು ಬಾಗಿಲಿಗೆ ಬಂದಿದ್ದನು, ಈಗ ಹಲವು ವರ್ಷಗಳ ಬಾಕಿಯ ನೋಟೀಸು ಹಿಡಿದು ಸರಕಾರದ ನೌಕರನೇ ಬಂದನು.

೧೯೮೦ರಲ್ಲಿ ಮಲಪ್ರಭಾ ನೀರಾವರಿ ಪ್ರದೇಶದ ರೈತರು ಸಮನ್ವಯ ಸಮಿತಿಯೊಂದನ್ನು ಕಟ್ಟಿಕೊಂಡರು. ಮನವಿಗಳಾದವು, ಸತ್ಯಾಗ್ರಹಗಳಾದವು. ಜುಲೈ ೨೧ರಂದು ನರಗುಂದ, ನವಲಗುಂದ, ಸವದತ್ತಿಗಳಲ್ಲಿ ಬಂದ್ ನಡೆಯಿತು. ನರಗುಂದದ ತಹಶೀಲ್ದಾರ ಕಚೇರಿಯ ಮುಂದೆ ರೈತರು ಸೇರಿದ್ದರು. ಅಂದು ತಿಕ್ಕಾಟವು ಗಲಭೆಯಾಗಿ, ಗೋಲೀಬಾರಿನಲ್ಲಿ ಚಿಕ್ಕನರಗುಂದದ ಈರಪ್ಪ ಕಡ್ಲಿಕೊಪ್ಪ ಎಂಬ ರೈತನು ಮಡಿದನು. ಕೆರಳಿದ ಜನರ ಕೈಗೆ ಸಿಕ್ಕ ಪೊಲೀಸರೂ ಪ್ರಾಣ ಕಳೆದುಕೊಂಡರು. ಅದೇ ದಿನ ನವಲಗುಂದದಲ್ಲಿ ಅಳಗವಾಡಿಯ ಬಸಪ್ಪ ಲಕ್ಕುಂಡಿ ಗುಂಡಿಗೆ ಬಲಿಯಾದನು. ಹುತಾತ್ಮ ರೈತರ ಹೆಸರುಗಳು ಕಲ್ಲಿನ ಮೇಲೆ ಉಳಿದಿವೆ, ಉಳಿಯಬೇಕಾದದ್ದೇ. ಸತ್ತ ಪೊಲೀಸರೂ ಬಹುಮಟ್ಟಿಗೆ ಒಕ್ಕಲು ಮನೆತನಗಳಿಂದ ಸಂಬಳಕ್ಕೆ ಬಂದ ಮಕ್ಕಳಂಥವರೇ ಎಂಬುದನ್ನು ಹೋರಾಟದ ಭಾಷಣಗಳಲ್ಲಿ ಹೇಳುವವರು ವಿರಳ. ಇತಿಹಾಸ ಬರೆಯುವವನು ಅದನ್ನು ಬಿಡಲಾಗದು.

ನಂತರದ ಘಟನೆಗಳು ರಾಜ್ಯದ ಚರಿತ್ರೆಗೆ ಸೇರಿದವು. ಕಿಡಿ ಎಲ್ಲ ಜಿಲ್ಲೆಗಳಿಗೂ ಹರಡಿತು. ಸರಕಾರ ಕರಗಳ ವಿಷಯದಲ್ಲಿ ರಿಯಾಯಿತಿಗಳನ್ನು ಘೋಷಿಸಬೇಕಾಯಿತು. ಅದೇ ವರ್ಷ ಎಚ್. ಎಸ್. ರುದ್ರಪ್ಪ, ಎನ್. ಡಿ. ಸುಂದರೇಶ, ಎಂ. ಡಿ. ನಂಜುಂಡಸ್ವಾಮಿ ಮೊದಲಾದವರ ಮುಂದಾಳುತನದಲ್ಲಿ ಕರ್ನಾಟಕ ರಾಜ್ಯ ರೈತ ಸಂಘ ಹುಟ್ಟಿತು. ೧೯೮೧ರ ಆರಂಭದಲ್ಲಿ ನರಗುಂದದಿಂದ ಬೆಂಗಳೂರಿನವರೆಗೆ ಕಾಲ್ನಡಿಗೆಯ ಜಾಥಾ ನಡೆಯಿತು. ೧೯೮೩ರ ಜನವರಿಯಲ್ಲಿ ಆರ್. ಗುಂಡೂರಾಯರ ಸರಕಾರ ಚುನಾವಣೆಯಲ್ಲಿ ಸೋತು, ಕರ್ನಾಟಕದಲ್ಲಿ ಮೊದಲನೆಯ ಕಾಂಗ್ರೆಸ್ಸೇತರ ಸರಕಾರ ರಾಮಕೃಷ್ಣ ಹೆಗಡೆಯವರ ನಾಯಕತ್ವದಲ್ಲಿ ಬಂದಿತು. ಆ ಸೋಲಿಗೆ ಗೋಕಾಕ ಚಳವಳಿಯೇ ಮೊದಲಾದ ಬೇರೆ ಕಾರಣಗಳೂ ಇದ್ದವು. ಆದರೂ ನರಗುಂದದ ಹೆಸರನ್ನು ಬಿಟ್ಟು ಆ ಕತೆಯನ್ನು ಯಾರೂ ಹೇಳಿಲ್ಲ.

ನರಗುಂದದ ೧೮೫೮ನ್ನೂ ೧೯೮೦ನ್ನೂ ಒಂದೇ ದಾರದಲ್ಲಿ ಪೋಣಿಸುವುದು ನಮ್ಮ ವೇದಿಕೆಗಳ ವಾಡಿಕೆ. 'ಬಂಡಾಯದ ನೆಲ' ಎಂಬ ಮಾತು ಕೇಳಲು ಚೆನ್ನಾಗಿದೆ. ಆದರೆ ಎರಡಕ್ಕೂ ಮೂಲಭೂತವಾದ ಅಂತರವಿದೆಯೆಂಬುದು ನನ್ನ ಅಭಿಪ್ರಾಯ. ೧೮೫೮ರಲ್ಲಿ ಸಂಸ್ಥಾನಿಕನು ಆ ಸರಕಾರ ಬೇಡವೆಂದು ಎದ್ದನು. ೧೯೮೦ರ ರೈತನಿಗೆ ಸರಕಾರ ಬೇಕಾಗಿತ್ತು. ಅದರ ಅಣೆಕಟ್ಟು ಬೇಕಾಗಿತ್ತು, ಕಾಲುವೆ, ಬೀಜ, ಸಾಲ, ಬೆಂಬಲ ಬೆಲೆ ಎಲ್ಲವೂ ಬೇಕಾಗಿದ್ದವು. ಕೊಟ್ಟೆನೆಂದು ಬರೆದುಕೊಂಡದ್ದನ್ನು ನಿಜವಾಗಿ ಕೊಟ್ಟಿದ್ದೀಯೋ ನೋಡು ಎಂದು ಅವನು ಕೇಳಿದನು. ಸುಖೀರಾಜ್ಯದಲ್ಲಿ ಮಾತ್ರ ಹುಟ್ಟಬಹುದಾದ ಜಗಳವದು. ಕಪ್ಪ ಕೇಳುವ ಅರಸನೊಡನೆ ಅಂಥ ಜಗಳ ಸಾಧ್ಯವೇ ಇಲ್ಲ. ಆ ಪ್ರಶ್ನೆಗೆ ಉತ್ತರ ಕೊಡುವವರು ನರಗುಂದದಲ್ಲಿ ಯಾರೂ ಇರಲಿಲ್ಲ. ತಹಶೀಲ್ದಾರನು ವಸೂಲಿಯ ಅಧಿಕಾರಿ, ಕಾಲುವೆ ಅವನದಲ್ಲ. ಕಾಲುವೆ ನೀರಾವರಿ ಇಲಾಖೆಯದು, ಕರ ಅದರದಲ್ಲ. ಸಾಲ ಬ್ಯಾಂಕಿನದು, ಬೆಲೆ ಯಾರದ್ದೂ ಅಲ್ಲ. ಕಣಗಿನಹಾಳದ ಸಂಘದಲ್ಲಿ ಲೆಕ್ಕ ಕೇಳಬೇಕಾದರೆ ಹೋಗಬೇಕಾದ ಮನೆ ಯಾವುದೆಂದು ಸದಸ್ಯನಿಗೆ ಗೊತ್ತಿತ್ತು. ಇಲ್ಲಿ ಸರಕಾರವು ಎಲ್ಲೆಲ್ಲೂ ಇದ್ದು ಎಲ್ಲಿಯೂ ಸಿಗದ ವಸ್ತುವಾಗಿತ್ತು.

ಇನ್ನೊಂದು ಕಹಿಯಾದ ಮಾತನ್ನೂ ಹೇಳಬೇಕು. ಗೋಲೀಬಾರಿನ ನೆನಪು ಹಸಿಯಾಗಿರುವಾಗ ನೀರಿನ ಕರದ ಹೆಸರೆತ್ತುವ ಧೈರ್ಯ ಯಾವ ಪಕ್ಷಕ್ಕೂ ಇರಲಿಲ್ಲ. ಕರ ವಸೂಲಾಗದ ಕಾಲುವೆಯ ದುರಸ್ತಿಗೆ ಹಣ ಎಲ್ಲಿಂದ ಬರಬೇಕು? ಹೂಳು ತುಂಬಿತು, ಅಡಿಗಲ್ಲು ಕಿತ್ತಿತು, ಮೇಲ್ಭಾಗದವರು ನೀರು ಬೇಡುವ ಬೆಳೆಗಳಿಗೆ ಕೈಹಾಕಿದರು, ತುದಿಯ ರೋಣದ ಹೊಲಗಳಿಗೆ ನೀರು ಇನ್ನಷ್ಟು ದೂರವಾಯಿತು. ಅನ್ಯಾಯದ ಕರವನ್ನು ಕಿತ್ತೊಗೆದದ್ದು ಸರಿ. 'ನ್ಯಾಯದ ಕರ ಇಷ್ಟು, ಅದರಿಂದ ಕಾಲುವೆಯನ್ನು ನಾವೇ ನೋಡಿಕೊಳ್ಳುತ್ತೇವೆ' ಎಂದು ಹೇಳುವ ರೈತರ ಸಂಸ್ಥೆ ಆ ಜಾಗದಲ್ಲಿ ಬೇರೂರಲಿಲ್ಲ. ಸಹಕಾರದ ತವರೆಂದು ಹೇಳಿಕೊಳ್ಳುವ ಜಿಲ್ಲೆಯಲ್ಲಿ ಇದು ಹೀಗಾದದ್ದು ಆಶ್ಚರ್ಯವೇ ಸರಿ.

ಆನಂತರ ಸುಖೀರಾಜ್ಯವು ಭೂಮಿಯನ್ನು ಬಿಟ್ಟು ನೇರವಾಗಿ ಮನೆಯೊಳಗೆ ಬಂದಿತು. ಸುಪ್ರೀಂ ಕೋರ್ಟು ೨೦೦೧ರ ನವೆಂಬರಿನಲ್ಲಿ ಶಾಲಾಮಕ್ಕಳಿಗೆ ಬೇಯಿಸಿದ ಊಟ ಕೊಡಬೇಕೆಂದು ಆಜ್ಞೆ ಮಾಡಿತು. ಕರ್ನಾಟಕವು ೨೦೦೨ರಲ್ಲಿ ಏಳು ಜಿಲ್ಲೆಗಳಲ್ಲಿ ಆರಂಭಿಸಿ, ಮರುವರ್ಷ ಉಳಿದ ಜಿಲ್ಲೆಗಳಿಗೂ ವಿಸ್ತರಿಸಿದ ಆ ಯೋಜನೆಗೆ 'ಅಕ್ಷರ ದಾಸೋಹ' ಎಂದು ಹೆಸರಿಟ್ಟಿತು. ನಮ್ಮ ಮಠಗಳ ಮಾತು ಸರಕಾರಿ ಆದೇಶದಲ್ಲಿ ಸೇರಿದ್ದು ಸಂತೋಷದ ಸಂಗತಿ. ೨೦೦೫ರಲ್ಲಿ ಸಂಸತ್ತು ಗ್ರಾಮೀಣ ಉದ್ಯೋಗ ಖಾತರಿಯ ಕಾಯ್ದೆಯನ್ನು ಅಂಗೀಕರಿಸಿತು. ಟೆಂಪಲನ ಒಂದು ಪೌಂಡು ಧಾನ್ಯದಿಂದ ಇಲ್ಲಿಗೆ ಬರಲು ನೂರಿಪ್ಪತ್ತೆಂಟು ವರ್ಷ ಬೇಕಾದವು. ೨೦೧೩ರಲ್ಲಿ ಅನ್ನಭಾಗ್ಯ, ೨೦೨೩ರಲ್ಲಿ ಹೆಂಗಸರಿಗೆ ಉಚಿತ ಬಸ್ ಪ್ರಯಾಣದ ಶಕ್ತಿ ಮತ್ತು ಮನೆಯೊಡತಿಗೆ ತಿಂಗಳಿಗೆ ಎರಡು ಸಾವಿರ ರೂಪಾಯಿಯ ಗೃಹಲಕ್ಷ್ಮಿ ಬಂದವು. ಇವುಗಳಿಂದ ಜನ ಸೋಮಾರಿಗಳಾಗುತ್ತಾರೆಂಬ ಮಾತು ನಮ್ಮ ಭಕ್ತರ ವಲಯದಲ್ಲೂ ಕೇಳಿಬರುತ್ತದೆ. ಪ್ರಸಾದನಿಲಯದಲ್ಲಿ ಉಂಡು ಓದಿ ನೌಕರಿ ಹಿಡಿದವರ ಬಾಯಿಂದಲೇ ಆ ಮಾತು ಬಂದಾಗ ಕೇಳುವುದು ಸ್ವಲ್ಪ ಕಷ್ಟವಾಗುತ್ತದೆ. ಪಂಕ್ತಿಯಲ್ಲಿ ಕುಳಿತಾಗ ನಾವು ಯಾರೂ ಸೋಮಾರಿಗಳಾಗಲಿಲ್ಲವಷ್ಟೆ! ಆದರೆ ಹಣ ನೇರವಾಗಿ ಖಾತೆಗೆ ಬರುವ ಈ ರೀತಿಯಲ್ಲಿ ಕೊಡುವವನ ಮುಖ ಇನ್ನೂ ದೂರವಾಗಿದೆ. ಹೆಸರು ತಪ್ಪಾಗಿ ಹಣ ನಿಂತ ಅಜ್ಜಿಗೆ ಎದುರು ನಿಂತು ಕೇಳಲು ತಹಶೀಲ್ದಾರನೂ ಸಿಗುವುದಿಲ್ಲ, ಯಂತ್ರ ಸಿಗುತ್ತದೆ.

ನೀರಿನ ಲೆಕ್ಕ ಮಾತ್ರ ಇನ್ನೂ ಮುಗಿದಿಲ್ಲ. ಮಲಪ್ರಭೆಯ ಜಲಾಶಯ ತುಂಬದ ವರ್ಷಗಳೇ ಹೆಚ್ಚಾದಾಗ, ಮಹಾದಾಯಿಯ ಉಪನದಿಗಳಾದ ಕಳಸಾ-ಬಂಡೂರಿಯ ನೀರನ್ನು ಅದಕ್ಕೆ ತಿರುಗಿಸಬೇಕೆಂದು ೨೦೧೫ರ ಜುಲೈಯಲ್ಲಿ ನರಗುಂದದಲ್ಲಿ ಧರಣಿ ಆರಂಭವಾಗಿ ವರ್ಷಗಟ್ಟಲೆ ನಡೆಯಿತು. ೨೦೧೬ರ ಜುಲೈಯಲ್ಲಿ ನ್ಯಾಯಮಂಡಳಿಯು ೭.೫೬ ಟಿ.ಎಂ.ಸಿ.ಯ ಮಧ್ಯಂತರ ಬೇಡಿಕೆಯನ್ನು ತಳ್ಳಿಹಾಕಿತು. ೨೦೧೮ರ ಆಗಸ್ಟ್ ೧೪ರ ತೀರ್ಪಿನಲ್ಲಿ ಕರ್ನಾಟಕಕ್ಕೆ ಒಟ್ಟು ೧೩.೪೨ ಟಿ.ಎಂ.ಸಿ. ಹಂಚಿತು, ಅದರಲ್ಲಿ ಹೆಚ್ಚಿನ ಪಾಲು ವಿದ್ಯುತ್ತಿನ ಉತ್ಪಾದನೆಗೆ. ೨೦೨೦ರ ಫೆಬ್ರುವರಿಯಲ್ಲಿ ತೀರ್ಪು ರಾಜಪತ್ರದಲ್ಲಿ ಪ್ರಕಟವಾದ ಮೇಲೂ ವಿಷಯ ನ್ಯಾಯಾಲಯದ, ಅರಣ್ಯ ಮತ್ತು ಪರಿಸರದ ಅನುಮತಿಗಳ ಕಡತಗಳಲ್ಲಿ ಸಿಲುಕಿತು. ಈ ನಡುವೆ, ನೀರಿಲ್ಲವೆಂದು ಕೂಗಿದ ಸೀಮೆಯನ್ನೇ ೨೦೧೯ರ ಆಗಸ್ಟಿನಲ್ಲಿ ಮಲಪ್ರಭೆಯ ಮಹಾಪೂರವು ಮುಳುಗಿಸಿತು. ೨೦೦೯ರ ಪೂರದ ಮೇಲೆ ಎತ್ತರದ ಜಾಗದಲ್ಲಿ ಕಟ್ಟಿಕೊಟ್ಟ 'ಆಸರೆ' ಮನೆಗಳು ಹೊಲಕ್ಕೆ ದೂರ, ದನ ಕಟ್ಟಲು ಜಾಗವಿಲ್ಲ ಎಂಬ ಕಾರಣಗಳಿಂದ ಎಷ್ಟೋ ಕಡೆ ಖಾಲಿ ಉಳಿದಿದ್ದವು. ಮನೆ ಕಟ್ಟುವ ಮೊದಲು ಒಕ್ಕಲಿಗನನ್ನು ಕೇಳಿದ್ದರೆ ಅವನು ದನದ ಕೊಟ್ಟಿಗೆಯ ಮಾತನ್ನು ಮೊದಲು ಹೇಳುತ್ತಿದ್ದನು.

ಅದೇ ಹೊತ್ತಿಗೆ ನರಗುಂದ ಪಟ್ಟಣದಲ್ಲಿ ಇನ್ನೊಂದು ವಿಚಿತ್ರ ಆರಂಭವಾಯಿತು. ಮನೆಗಳ ಒಳಗೆ, ಅಂಗಳದಲ್ಲಿ, ಬೀದಿಯಲ್ಲಿ ನೆಲ ಇದ್ದಕ್ಕಿದ್ದಂತೆ ಕುಸಿಯತೊಡಗಿತು. ಅಂತರ್ಜಲದ ಮಟ್ಟ ಮೇಲೇರಿದೆ, ಅದರಿಂದ ನೆಲದಡಿಯ ಹಳೆಯ ಪೊಳ್ಳುಗಳು ಕುಸಿಯುತ್ತಿವೆ ಎಂದು ತಿಳಿಯಿತು. ಆ ಪೊಳ್ಳುಗಳೇ ಹಗೇವುಗಳು. ಜೋಳ ತುಂಬುವುದನ್ನು ಬಿಟ್ಟು, ಬಾಯಿ ಮುಚ್ಚಿ, ಅವು ಎಲ್ಲಿದ್ದವೆಂಬುದನ್ನೇ ಮರೆತು, ಮೇಲೆ ಮನೆ ಕಟ್ಟಿಕೊಂಡು ಎಷ್ಟೋ ತಲೆಮಾರುಗಳಾಗಿದ್ದವು. ಕುಣಿಗಳಿಗೆ ಮಣ್ಣು ತುಂಬಿಸಿಕೊಡಿರೆಂದು ಜನ ಪುರಸಭೆಯ ಬಾಗಿಲಿಗೆ ಹೋದರು.